ರೇಷ್ಮೆಯ ಏಳು ತಂತಿಗಳು

ತಂತಿ ಹರಿದದ್ದು ಬಾದಾಮಿಯ ಲಾಜಿನಲ್ಲಿ. ಫೋನು ಬಂದದ್ದು ಬಾಗಲಕೋಟೆಯ ನನ್ನ ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ. ಪಟ್ಟದಕಲ್ಲಿನಲ್ಲಿ ನಡೆಯಲಿದ್ದ ಸಂಗೀತ ಕಾರ್ಯಕ್ರಮದ ಸಂಯೋಜಕರು ಮಾತಾಡಿದರು. ಚೀನಾದಿಂದ ಒಬ್ಬ ಹಿರಿಯ ವಾದಕಿ ಬಂದಿದ್ದಾರೆ, ಅವರ ವಾದ್ಯದ ತಂತಿ ಹರಿದಿದೆ, ಇದ್ದಂಗೆ ಹೊರಟು ಬನ್ನಿ ಎಂದರು. ಚೀನಾದ ವಾದ್ಯವನ್ನು ನಾನು ಚಿತ್ರದಲ್ಲೂ ನೋಡಿದವನಲ್ಲ ಎಂದೆ.

"ತಂಬೂರಿ ಮಾಡ್ತೀರಲ್ರಿ ಮಿಸ್ತ್ರಿ, ಇದೂ ತಂತಿ ವಾದ್ಯನ ಐತಿ. ಬರ್ರಿ ಸುಮ್ನ," ಎಂದು ಫೋನಿಟ್ಟರು.

ಈ ಲೆಕ್ಕದಲ್ಲಿ ಬಂಡಿಯ ಗಾಲಿ ಕೂರಿಸುವವನು ವಿಮಾನದ ಗಾಲಿಯನ್ನೂ ಕೂರಿಸಬೇಕು. ಆದರೂ ಚೀಲ ಹೆಗಲಿಗೇರಿಸಿದೆ. ಅಣೆಕಟ್ಟಿನ ಹಿನ್ನೀರಿಗೆ ಹೆದರಿ ಅರ್ಧ ಪೇಟೆ ನವನಗರಕ್ಕೆ ಎದ್ದುಹೋಗಿದ್ದ ಕಾಲ ಅದು. ಹಳೆ ಊರಿನಲ್ಲೇ ಉಳಿದ ನನ್ನ ಅಂಗಡಿಗೆ ಭಜನೆಯ ಹಾರ್ಮೋನಿಯಂ ಬಿಟ್ಟರೆ ಬೇರೆ ಕೆಲಸ ಬರುತ್ತಿರಲಿಲ್ಲ. ಹೊಸ ವಾದ್ಯವೊಂದನ್ನು ಮುಟ್ಟುವ ಆಸೆ ನನಗೂ ಇತ್ತು.

ಲಾಜಿನ ಕೋಣೆಯಲ್ಲಿ ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ನನ್ನ ಎದೆಯೆತ್ತರದಷ್ಟು ಉದ್ದದ ಒಂದು ಕಪ್ಪು ಹಲಗೆ. ಅದೇ ವಾದ್ಯ. ಗುಚಿನ್ ಎಂದು ಹೆಸರು. ತಂಬೂರಿಯಂತೆ ಬುರುಡೆ ಇಲ್ಲ, ಸಿತಾರಿನಂತೆ ಮೆಟ್ಟುಗಳಿಲ್ಲ. ಹಲಗೆಯ ಉದ್ದಕ್ಕೂ ಆರು ತಂತಿ, ಏಳನೆಯದರ ಜಾಗ ಖಾಲಿ. ಬಗ್ಗಿ ನೋಡಿದೆ, ಉಕ್ಕೂ ಅಲ್ಲ, ಹಿತ್ತಾಳೆಯೂ ಅಲ್ಲ. ಎಲ್ಲವೂ ರೇಷ್ಮೆ. ನಾನು ರೇಷ್ಮೆ ಬಳಸುತ್ತಿದ್ದದ್ದು ತಂಬೂರಿಯ ಜೀವಾಳಕ್ಕೆ ಮಾತ್ರ. ತಂತಿಗೂ ಅದನ್ನು ಹೊರುವ ಕುದುರೆಗೂ ನಡುವೆ ಸಿಕ್ಕಿಸುವ ಬೆರಳುದ್ದದ ದಾರ ಅದು. ಇಡೀ ತಂತಿಯನ್ನೇ ರೇಷ್ಮೆಯಿಂದ ಮಾಡಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ವಾದಕಿಗೆ ಎಪ್ಪತ್ತರ ಆಸುಪಾಸು. ಸಣ್ಣ ಆಳು, ಕತ್ತರಿಸಿದ ಬಿಳಿಕೂದಲು, ದೊಡ್ಡ ಕೈಗಳು. ಜೊತೆಗೆ ದಿಲ್ಲಿಯಲ್ಲಿ ಹಿಂದಿ ಕಲಿತ ಅವರ ಊರಿನದೇ ದುಭಾಷಿ ಹುಡುಗಿ. ನಮ್ಮ ಮನೆಮಾತು ಉರ್ದು, ಹಾಗಾಗಿ ಅವಳ ಹಿಂದಿಗೂ ನನಗೂ ಹೊಂದಿಕೆಯಾಯಿತು. ಅವಳು ಹೇಳಿದ್ದನ್ನು ನಾನು ಬರೆಯುವ ಕನ್ನಡದಲ್ಲೇ ಇಲ್ಲಿ ಕೊಡುತ್ತೇನೆ.

"ಮೊದಲು ಕೇಳಿಸಿಕೊಳ್ಳಬೇಕಂತೆ, ಆಮೇಲೆ ರಿಪೇರಿ," ಎಂದಳು ಹುಡುಗಿ.

ಅವರು ಇರುವ ಆರು ತಂತಿಗಳಲ್ಲೇ ಬಾರಿಸಿದರು. ಈ ವಾದ್ಯ ಅವರಲ್ಲಿ ಪಂಡಿತರದಂತೆ. ಹಳ್ಳಿಯ ವಿಷಯ ಅದರಲ್ಲಿ ಇಲ್ಲವೆಂದಲ್ಲ. ದನ ಕಾಯುವವನು, ಮೀನು ಹಿಡಿಯುವವನು, ಸೌದೆ ಹೊತ್ತು ಬರುವವನು ಎಲ್ಲರೂ ಬರುತ್ತಾರೆ, ಆದರೆ ಪಂಡಿತರು ದೂರದಿಂದ ನೋಡಿದ ಹಾಗೆ ಬರುತ್ತಾರೆ. ಇವರು ಹಾಡಾಗಿ ಕಟ್ಟಿದ್ದು ತಮ್ಮ ಗಂಡನ ಊರನ್ನು. ಅದು ರೇಷ್ಮೆ ಬೆಳೆಯುವ ಹಳ್ಳಿ. ಬೆಳಿಗ್ಗೆ ಹೆಂಗಸರು ಸೊಪ್ಪು ಕೊಯ್ಯುವುದು, ಹುಳಗಳು ಸೊಪ್ಪು ಮೇಯುವ ಸದ್ದು, ಗೂಡು ಬೇಯಿಸಿ ನೂಲು ತೆಗೆಯುವುದು, ಸಂಜೆ ಬಾತುಕೋಳಿಗಳನ್ನು ಮನೆಗೆ ಕರೆಯುವುದು. ಇಷ್ಟೇ ಅದರ ಕಥೆ. ಹುಳ ಮೇಯುವ ಕಡೆ ಅವರು ತಂತಿಯನ್ನು ಮೀಟಲೇ ಇಲ್ಲ. ಎಡಗೈ ಹೆಬ್ಬೆರಳನ್ನು ರೇಷ್ಮೆಯ ಮೇಲೆ ಜಾರಿಸಿದರು, ಸರ್ರ್ ಎಂದು ಸಣ್ಣ ಮಳೆಯ ಸದ್ದು ಬಂತು. ಆಮೇಲೆ ಒಂದೇ ಸ್ವರ ತಿರುಗಿ ತಿರುಗಿ ಬಂತು, ನಡುವೆ ಮುಗ್ಗರಿಸಿ ಮತ್ತೆ ನಡೆಯಿತು. ಅದು ರಾಟಿ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ನಾದವೆಂದರೆ ಏನು ಸಣ್ಣದು! ಪಕ್ಕದ ಕೋಣೆಯವರಿಗೂ ಕೇಳಿಸಿರಲಿಕ್ಕಿಲ್ಲ. ಆದರೆ ನನ್ನ ಮೈಮೇಲೆ ಮುಳ್ಳು ಎದ್ದಿದ್ದವು.

ಆ ತಂತಿಗಳನ್ನು ಮಾಡಿದವರು ಅವರ ಗಂಡ. ತಂತಿ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಎಲ್ಲರೂ ಉಕ್ಕಿನ ತಂತಿಗೆ ಹೋದ ಮೇಲೆ ರೇಷ್ಮೆಯ ವಿಭಾಗ ಮುಚ್ಚಿತು. ಆಮೇಲೆ ಮನೆಯ ಅಂಗಳದಲ್ಲೇ ಹೆಂಡತಿಗಾಗಿ ಏಳು ತಂತಿಗಳ ಈ ಒಂದು ಜೊತೆ ಮಾಡಿ, ತೀರಿಕೊಂಡರು. "ಹುರಿ ಹಾಕುವಾಗ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ ಇತ್ತು," ಎಂದರಂತೆ ವಾದಕಿ. ಈಗ ನಮ್ಮ ಒಣಗಾಳಿಗೆ ಏಳನೆಯದು ಗಂಟಿನ ಬಳಿ ಪಟ್ಟೆಂದಿತ್ತು. ಹಿಂದೆಯೂ ಹರಿದು ಮತ್ತೆ ಮತ್ತೆ ಗಂಟು ಹಾಕಿ, ಇನ್ನು ಹಾಕಲು ಉದ್ದವೇ ಉಳಿದಿರಲಿಲ್ಲ. ಅವರ ಚೀಲದಲ್ಲಿ ಉಕ್ಕಿನ ತಂತಿಗಳಿದ್ದವು. ಅವುಗಳ ಮೇಲೆ ಆ ಹಳ್ಳಿಯನ್ನು ಬಾರಿಸಲಾರೆ ಎಂದರು. ಹರಿದ ತುಂಡನ್ನು ನನ್ನ ಅಂಗೈಯಲ್ಲಿಟ್ಟು, ಇದನ್ನು ಬಿಚ್ಚಿ ನೋಡಬಹುದು ಎಂದರು. ಉಳಿದ ಆರನ್ನು ಮುಟ್ಟಗೊಡಲಿಲ್ಲ.

ರೇಷ್ಮೆಯ ಮಾತೆಂದರೆ ನನಗೆ ಇಳಕಲ್ಲು, ಇಳಕಲ್ಲೆಂದರೆ ಅಕ್ಕ. ಒಡಹುಟ್ಟಿದವಳಲ್ಲ, ನೇಕಾರರ ಮನೆಯಾಕೆ. ಸೀರೆಯ ಸೆರಗಿಗೆ ಬೇಕಾದ ರೇಷ್ಮೆಯನ್ನು ಹುರಿ ಮಾಡಿ, ಬೇಯಿಸಿ, ಬಣ್ಣ ಹಾಕಿ ಮಗ್ಗದವರಿಗೆ ಕೊಡುವುದು ಅವರ ಮನೆತನದ ಕೆಲಸ. ಜೀವಾಳದ ದಾರಕ್ಕೆಂದು ನಾನು ವರ್ಷಗಟ್ಟಲೆ ಅಲ್ಲಿಗೆ ಹೋಗಿ ಹೋಗಿ ಆಕೆಗೆ ತಮ್ಮನಾಗಿದ್ದೆ. ಈದ್‌ಗೆ ನಮ್ಮ ಮನೆಯ ಶಾವಿಗೆ ಅಲ್ಲಿಗೆ, ಪಂಚಮಿಗೆ ಅವರ ಮನೆಯ ಉಂಡಿ ನಮ್ಮಲ್ಲಿಗೆ.

"ಬಾ ತಮ್ಮಾ, ಕುಂಡ್ರು. ಮಾರಿ ಯಾಕ ಹಿಂಗ ಒಣಗೈತಿ? ಚಾ ಕುಡಿ ಮೊದಲ," ಎಂದಳು ಅಕ್ಕ. ನಾನು ತುಂಡನ್ನು ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು, ಉಗುರಿನಿಂದ ತುದಿಯನ್ನು ಬಿಡಿಸಿ, ಎಳೆಗಳನ್ನು ಒಂದೊಂದಾಗಿ ತೊಡೆಯ ಮೇಲೆ ಹರಡುತ್ತ ಹೋದಳು. "ಭಾಳ ಬಿಗಿ ಹುರಿ. ಹಾಕಿದಾಂವ ಸಾವಕಾಶ ಮನಷ್ಯಾ ಇರಬೇಕು," ಎಂದಳು.

ಮೊದಲ ಸಲ ನಾವು ಮಾಡಿದ್ದು ಸೆರಗಿಗೆ ಮಾಡುವಂತೆ, ಬೇಯಿಸಿದ ರೇಷ್ಮೆಯಿಂದ. ಅಂಗಳದ ಈ ತುದಿಯಲ್ಲಿ ರಾಟಿ ಹಿಡಿದು ಆಕೆ, ಆ ತುದಿಯಲ್ಲಿ ಎಳೆ ಹಿಡಿದು ನಾನು. ಒಳ್ಳೇ ಬೆಳ್ಳಗೆ ಹೊಳೆಯುವ ತಂತಿ ಬಂತು. ಬಾಗಲಕೋಟೆಗೆ ತಂದು ಅಂಗಡಿಯ ಒಂದು ಹಲಗೆಗೆ ಬಿಗಿದು ಮೀಟಿದರೆ ಅದರಲ್ಲಿ ಜೀವವೇ ಇರಲಿಲ್ಲ. ಒದ್ದೆ ಹಗ್ಗವನ್ನು ಮೀಟಿದ ಹಾಗೆ ಧಬ್ಬೆಂದಿತು. ಎರಡು ಬಾರಿ ಬಿಗಿ ಮಾಡುವಷ್ಟರಲ್ಲಿ ನವಿರೆದ್ದು ಹರಿಯಿತು. ಕೆಟ್ಟ ಸಿಟ್ಟು ಬಂದು ಆ ದಿನ ಹಾರ್ಮೋನಿಯಂ ತಂದವನೊಬ್ಬನನ್ನು ಸುಮ್ಮಸುಮ್ಮನೆ ಬೈದು ಕಳಿಸಿದೆ. ಬಳಿಕ ಹರಿದ ಹಳೆಯ ತುಂಡನ್ನೂ ನಮ್ಮದನ್ನೂ ಅಕ್ಕಪಕ್ಕ ಇಟ್ಟು ಉಗುರಿನಿಂದ ಕೆರೆದು ನೋಡಿದಾಗ ತಿಳಿಯಿತು. ಹಳೆಯದು ಹಸಿ ರೇಷ್ಮೆ. ಹುಳ ಬಿಟ್ಟ ಅಂಟು ಹಾಗೇ ಉಳಿದಿತ್ತು. ಅದರ ಮೇಲೆ ಇನ್ನೊಂದು ಅಂಟಿನ ಪಾಕವನ್ನೂ ಕುಡಿಸಿದ್ದರು. ಎಳೆಗಳು ಒಂದಾಗಿ ಕಡ್ಡಿಯಂತೆ ನಿಲ್ಲುತ್ತಿದ್ದದ್ದು ಅದರಿಂದ.

ಇಳಕಲ್ಲಿಗೆ ಹೋಗಿ ಹೇಳಿದಾಗ ಅಕ್ಕನ ಮುಖ ಹುಳ್ಳಗಾಯಿತು. ಆ ಅಂಟನ್ನು ಅವರ ಮನೆಯಲ್ಲಿ ಹುಳದ ಎಂಜಲು ಎನ್ನುತ್ತಿದ್ದರು. ಸಬಕಾರ, ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಅದನ್ನು ತೆಗೆಯದೆ ರೇಷ್ಮೆಯನ್ನು ಮಗ್ಗದ ಕೋಣೆಯ ಒಳಗೇ ಬಿಡುತ್ತಿರಲಿಲ್ಲ.

"ಎಂಜಲದ ಮ್ಯಾಲ ಹಾಡು ಬಾರಸ್ತಾರೇನು?"

"ಅದು ಇದ್ರನ ಹಾಡು, ಅಕ್ಕಾ."

"ಆತ್ ಬಿಡು. ಅವರ ಊರಾಗ ಅದ ಮಡಿ ಇರಬಹುದು," ಎಂದು ನಕ್ಕು ಹಸಿ ರೇಷ್ಮೆಯ ಲಡಿಯನ್ನು ಹೊರಗಿನ ಪಡಸಾಲೆಯಲ್ಲೇ ಬಿಚ್ಚಿದಳು. ಅಂಟಿನ ಪಾಕ ಕುಡಿಸುವುದು ಮಾತ್ರ ಅಲ್ಲಿ ಸಾಧ್ಯವಿರಲಿಲ್ಲ. ಗಂಜಿ ಕುಡಿಸಿ ನೋಡಿದೆವು. ಒಣಗಿದ ಮೇಲೆ ಬಗ್ಗಿಸಿದರೆ ಬಿರುಕು ಬಿಟ್ಟು ಉದುರುತ್ತಿತ್ತು. ನಾನು ತಂಬೂರಿಗೆ ಬಳಸುವುದು ಚರ್ಮ ಎಲುಬು ಕುದಿಸಿದ ಅಂಟು. ಅದರ ವಾಸನೆಯನ್ನೂ ಆ ಮನೆಯ ಹೊಸ್ತಿಲು ದಾಟಿಸುವಂತಿಲ್ಲ. ಹಾಗಾಗಿ ಹುರಿ ಇಳಕಲ್ಲಿನಲ್ಲಿ, ಅಂಟು ಬಾಗಲಕೋಟೆಯಲ್ಲಿ ಎಂದು ಕೆಲಸ ಹಂಚಿಕೊಂಡೆವು. ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುತ್ತ, ತಂತಿ ಸುತ್ತಿದ ಬಿದಿರನ್ನು ಕೂಸಿನಂತೆ ಎದೆಗೊತ್ತಿಕೊಂಡು ತಿರುಗಾಡಿದೆ.

ಅಂಗಡಿಯಲ್ಲಿ ಅಂಟನ್ನು ತೆಳ್ಳಗೆ ಕಾಯಿಸಿ, ತಂತಿಯನ್ನು ಅದರಲ್ಲಿ ನೆನೆಯಲು ಬಿಟ್ಟು, ಎರಡು ಗೂಟಗಳ ನಡುವೆ ಎಳೆದು ಕಟ್ಟಿ ನೆರಳಲ್ಲಿ ಒಣಗಿಸಿದೆ. ಅರ್ಧ ಒಣಗಿದಾಗ ಬಟ್ಟೆಯಿಂದ ಒರೆಸುತ್ತ ಮತ್ತಷ್ಟು ಎಳೆದೆ. ಮೊದಲು ಮಾಡಿದ್ದು ಗಂಟುಗಂಟಾಯಿತು. ಎರಡನೆಯದನ್ನು ಮೀಟಿದಾಗ ನನಗೇ ನಗು ಬಂತು. ಅಂಗಡಿಯಲ್ಲಿ ಯಾರೂ ಇಲ್ಲದಿದ್ದರೂ "ಭಲೇ!" ಎಂದು ಜೋರಾಗಿ ಕೂಗಿಬಿಟ್ಟೆ.

ಬಾದಾಮಿಯಲ್ಲಿ ವಾದಕಿ ಆ ಏಳನೆಯ ತಂತಿಯನ್ನು ತಾವೇ ಕಟ್ಟಿದರು. ತುದಿಗೊಂದು ಗಂಟು, ಗಂಟಿಗೆ ಕುಚ್ಚಿನ ದಾರ, ದಾರಕ್ಕೆ ಬಿರಡೆ. ಇನ್ನೊಂದು ತುದಿಯನ್ನು ಹಲಗೆಯ ಕೆಳಗಿನ ಕಾಲಿಗೆ ಸುತ್ತಿ ಮೊಣಕಾಲು ಕೊಟ್ಟು ಎಳೆಯುವಾಗ ಆ ಸಣ್ಣ ಆಳಿನ ತೋಳಿನ ನರಗಳು ಉಬ್ಬಿದವು. ಬಾರಿಸಿದರು. ಹೊಸದು ಹಳೆಯ ಆರರ ಪಕ್ಕದಲ್ಲಿ ತುಸು ಗಡಸಾಗಿ ಕೇಳಿಸಿತು, ಹೊಸ ಸೊಸೆ ಅತ್ತೆಯ ಮನೆಯಲ್ಲಿ ಮಾತಾಡಿದ ಹಾಗೆ. ಆದರೆ ಅವರು ತಲೆದೂಗಿದರು, ಮತ್ತೆ ತಲೆದೂಗಿದರು. ಆಮೇಲೆ ದುಭಾಷಿಗೆ ಏನೋ ದೀರ್ಘವಾಗಿ ಹೇಳಿದರು. ಅವಳು ಒಪ್ಪದವಳಂತೆ ಒಂದೆರಡು ಮಾತು ಎದುರಾಡಿ, ಕೊನೆಗೆ ನನ್ನತ್ತ ತಿರುಗಿದಳು.

"ಇಡೀ ಜೊತೆ ಮಾಡಿಕೊಡುತ್ತೀರಾ ಎಂದು ಕೇಳುತ್ತಿದ್ದಾರೆ. ದಿನದ ಅಭ್ಯಾಸಕ್ಕೆ, ಬೇರೆ ಹಾಡುಗಳಿಗೆ ನಿಮ್ಮವು. ಗಂಡ ಮಾಡಿದ್ದನ್ನು ಅವರ ಊರಿನ ಹಾಡಿಗೆ ಮಾತ್ರ ಕಟ್ಟುತ್ತಾರಂತೆ. ದಿನಾ ಬಾರಿಸಿದರೆ ಅವು ಹೆಚ್ಚು ಕಾಲ ಉಳಿಯುವುದಿಲ್ಲ. ಉಳಿಸಬೇಕು, ಅಷ್ಟೇ."

ದಪ್ಪ ತಂತಿಗಳು ಒಂದೇ ಹುರಿಯವಲ್ಲ. ಒಳಗೊಂದು ಹುರಿ, ಅದರ ಮೇಲೆ ನೂಲಿನಷ್ಟು ತೆಳು ರೇಷ್ಮೆಯ ಸುತ್ತು. ಕಣ್ಣಿಂದ ನೋಡಿ ಅದನ್ನು ಮಾಡಲಾಗದು, ಪಕ್ಕದಲ್ಲಿಟ್ಟುಕೊಂಡು ಬೆರಳಿನಿಂದ ಹೋಲಿಸುತ್ತ ಹೋಗಬೇಕು. ಹಾಗೆಂದು ನಾನು ಹೇಳಿದೆ. ಬೇಡ ಎನ್ನುತ್ತಾರೆ ಎಂದುಕೊಂಡೆ, ಅಂದಿದ್ದರೆ ಎಷ್ಟು ಚೆನ್ನಾಗಿತ್ತು. ಅವರು ಆರೂ ತಂತಿಗಳನ್ನು ಒಂದೊಂದಾಗಿ ಇಳಿಸಿದರು. ಹರಿದ ಏಳನೆಯದರಲ್ಲಿ ಉಳಿದಿದ್ದ ಉದ್ದನೆಯ ಭಾಗವನ್ನೂ ಸೇರಿಸಿ, ಒಂದು ನೀಲಿ ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಗಳಿಂದ ನನಗೆ ಕೊಟ್ಟರು. ನಾನೂ ಎರಡೂ ಕೈಗಳಿಂದ ತೆಗೆದುಕೊಂಡೆ.

ಇಳಕಲ್ಲಿನ ಪಡಸಾಲೆಯಲ್ಲಿ ಆ ಬಟ್ಟೆ ಬಿಚ್ಚಿದಾಗ ಅಕ್ಕ ಮೊದಲ ಬಾರಿಗೆ ಇವು ಯಾರವೆಂದು ಕೇಳಿದಳು. ಎಲ್ಲ ಹೇಳಿದೆ: ಗಂಡ ಮಾಡಿದ್ದು, ಗಂಡ ಇಲ್ಲ, ಆಕೆ ಇವನ್ನು ಉಳಿಸಿಕೊಳ್ಳಬೇಕೆಂದಿದ್ದಾರೆ, ಅದಕ್ಕೇ ಹೊಸವು. ಅಕ್ಕನ ಕಣ್ಣು ತುಂಬಿದವು. ತಂತಿಗಳು ಬೆವರಿನಿಂದ ಕಂದಾಗಿದ್ದವು. ಬಟ್ಟೆಯ ಮಡಿಕೆಯಲ್ಲಿ ನುಸಿಯ ಹಿಟ್ಟಿನಂಥ ಪುಡಿಯೂ ಇತ್ತು. "ಪಾಪ, ಎಷ್ಟ ವರ್ಷದ್ದೋ ಏನೋ," ಎಂದು ಬಟ್ಟೆಯನ್ನು ಜಾಡಿಸಿದಳು.

ತೆಳುವಾದವು ಮೊದಲು ಮುಗಿದವು. ದಪ್ಪ ತಂತಿಗಳ ಮೇಲಿನ ಸುತ್ತಿಗೆ ಸಮಯ ಬೇಕಿತ್ತು. ಕಾರ್ಯಕ್ರಮ ಹತ್ತಿರವಾಗಿತ್ತು. ಆದಷ್ಟಕ್ಕೆ ಅಂಟು ಕುಡಿಸಿ ಬರುತ್ತೇನೆಂದು ನಾನು ಬಾಗಲಕೋಟೆಗೆ ಹೊರಟೆ. ಹೋಲಿಸಲು ಬೇಕೆಂದು ಹಳೆಯ ಜೊತೆಯನ್ನು ಅಕ್ಕನ ಬಳಿಯೇ ಬಿಟ್ಟೆ. ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟರೂ ಅಷ್ಟು ಭದ್ರವಲ್ಲ ಎಂದು ನಂಬಿದ್ದ ಮನೆ ಅದು.

ಮರಳಿ ಬಂದಾಗ ಮಧ್ಯಾಹ್ನ. ಅಂಗಳದಲ್ಲಿ ಕಾಲಿಟ್ಟ ಕೂಡಲೇ ಕಂಡಿತು. ನೆರಳಿನಲ್ಲಿ ಕಟ್ಟಿದ ಬಿದಿರಿನ ಮೇಲೆ ಸಾಲಾಗಿ ರೇಷ್ಮೆಯ ಕುಚ್ಚುಗಳು ತೂಗುತ್ತಿದ್ದವು. ಬೆಳ್ಳಗೆ, ಮೆತ್ತಗೆ, ಗಾಳಿಗೆ ಅಲುಗುತ್ತ. ಅಷ್ಟು ಚೆಂದದ ರೇಷ್ಮೆಯನ್ನು ನಾನು ಆ ಮನೆಯಲ್ಲೂ ನೋಡಿರಲಿಲ್ಲ. ಕೆಳಗೆ ಆ ನೀಲಿ ಬಟ್ಟೆ ಒಗೆದು ಹಾಕಿತ್ತು.

ಅಕ್ಕ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಮುಖ ಅರಳಿತ್ತು. "ನೋಡ್ ತಮ್ಮಾ, ಹೆಂಗ್ ಆಗ್ಯಾವ! ದಪ್ಪಂದು ಸುತ್ತಿ ಮುಗಿಸಿದ್ನಲ್ಲಾ, ಇನ್ನ ಇವು ಬ್ಯಾಡ ಅಳತಿಗೆ ಅಂತ ತೊಳದ ಹಾಕೇನಿ. ಹೋದವರ ರೇಷ್ಮಿ ಹಂಗ ಎತ್ತಿ ಇಡಬಾರದಪಾ. ನಮ್ಮ ಅತ್ತಿಯವರ ಮಾತು ಅದು. ಎಂಜಲಾ, ಬೆವರಾ ತಗದು ಇಟ್ರ ನುಸಿ ಹತ್ತೂದಿಲ್ಲ, ಹೋದವರ ಜೀವಾನೂ ಅದರಾಗ ಸಿಕ್ಕೊಂಡ ಇರೂದಿಲ್ಲ. ಆ ಅವ್ವಗ ಹೇಳು, ಇನ್ನ ನೂರು ವರ್ಷ ಇಟ್ಕೊಬಹುದು."

ಆ ಮನೆಯ ರೂಢಿ ನನಗೆ ಗೊತ್ತಿಲ್ಲದ್ದೇನಲ್ಲ. ಅವರ ಅತ್ತೆ ತೀರಿಕೊಂಡಾಗ ಮಡಿ ಸೀರೆಯನ್ನು ಹೀಗೇ ಕುದಿನೀರಿಗೆ ಹಾಕಿ ಒಣಗಿಸಿದ್ದನ್ನು ಕಣ್ಣಾರೆ ನೋಡಿದ್ದೆ. ಬಿಸಿನೀರಿನಲ್ಲಿ ಗಂಡ ಕುಡಿಸಿದ ಅಂಟು ಕರಗಿತ್ತು. ಸೋಡಾದಲ್ಲಿ ಹುಳದ ಅಂಟು ಬಿಟ್ಟಿತ್ತು. ಹುರಿ ಬಿಚ್ಚಿಕೊಂಡಿತ್ತು. ತೊಳೆಯುವಾಗ ಗಂಟು ಬೀಳದಂತೆ ಎಳೆಗಳನ್ನು ಆಕೆ ಬೆರಳಲ್ಲಿ ಬಿಡಿಸುತ್ತ ಹೋಗಿದ್ದಳು, ಅಷ್ಟು ಜತನದಿಂದ. ಕಟ್ಟೆಯ ಮೇಲೆ ಕುಸಿದು ಕೂತೆ.

"ಅಕ್ಕಾ, ಅವು ಬಾರಸೂ ತಂತಿ. ಆಕಿ ಮತ್ತ ಬಾರಸಾಕಿ ಇದ್ಲು," ಎಂದೆ.

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಕ್ಕ ಮುಖ ಹಾಗೇ ಇದ್ದು, ಕಣ್ಣು ಮಾತ್ರ ಮೊದಲು ಬದಲಾದವು. ಬಿದಿರಿನ ಹತ್ತಿರ ಹೋಗಿ ಒಂದು ಕುಚ್ಚನ್ನು ಹಿಡಿದು ನೋಡಿದಳು. "ಮತ್ತ ಹುರಿ ಹಾಕೂಣು. ಎಳಿ ಅವ ಅದಾವಲ್ಲಾ, ಎಲ್ಲಿ ಹೋಗ್ಯಾವ? ಈಗ ಹಾಕ್ತೇನಿ," ಎಂದು ರಾಟಿಗೆ ಕೈ ಹಾಕಿದಳು. ನಾನೇ ತಡೆದೆ. ಬೇಯಿಸಿದ ರೇಷ್ಮೆ ಏನಾಗುತ್ತದೆಂದು ಇಬ್ಬರೂ ಆಗಲೇ ಕಂಡಿದ್ದೆವು. ಮೇಲಾಗಿ, ಅವರ ಅಪ್ಪಣೆಯಿಲ್ಲದೆ ಇನ್ನೊಮ್ಮೆ ಅದನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ.

ಅಕ್ಕನ ಯಜಮಾನರು ಬಣ್ಣದ ಕೋಣೆಯಿಂದ ಬಂದು ವಿಷಯ ತಿಳಿದು, ಗೋಡೆಗೆ ಒರಗಿ ನಿಂತರು. ಬಣ್ಣದಲ್ಲಿ ಪಳಗಿದ ಮನುಷ್ಯ. ಹೊಸ ತಂತಿಗಳನ್ನು ಒಂದೊಂದಾಗಿ ನೋಡಿ ಮೆಲ್ಲಗೆ ಹೇಳಿದರು: "ಇವನ್ನ ಚಾ ನೀರಾಗ ಎದ್ದಿ, ಮ್ಯಾಲ ಚೂರು ಎಣ್ಣಿ ಕೈ ಹಚ್ಚಿದ್ರ ಹಳೇ ಬಣ್ಣ ತಂದ ಕೊಡ್ತೇನಿ. ಇವ ಹಳೇವು ಅಂತ ಕೊಟ್ಟು, ಇನ್ನೊಂದು ಜೋಡಿ ಹೊಸಾವು ಮಾಡಿ ಕೊಡ್ರಿ. ಆ ಮುದಕಿ ಊರಿಗೆ ಹೋಗಿ ಸುಖವಾಗಿರ್ಲಿ. ಖರೆ ಹೇಳಿ ಆಕಿ ಎದಿ ಯಾಕ ಒಡೀತೀರಿ?"

ಮೋಸಗಾರನ ಮಾತಲ್ಲ ಅದು. ಮರುಕದಿಂದಲೇ ಆಡಿದ ಮಾತು. ನಾನು ಆ ಕಟ್ಟೆಯ ಮೇಲೆ ಕೂತು ಅದನ್ನು ತೂಗಿ ನೋಡಿದೆ, ಸುಳ್ಳು ಹೇಳುವುದಿಲ್ಲ. ಬಣ್ಣ ಕಣ್ಣಿಗೆ ಸರಿಹೋಗಬಹುದಿತ್ತು. ಆದರೆ ಅವರು ಊರಿಗೆ ಹೋಗಿ ಕಟ್ಟಿ, ಹೆಬ್ಬೆರಳು ಜಾರಿಸಿದ ಕೂಡಲೇ ಗೊತ್ತಾಗುತ್ತಿತ್ತು. ಆಗ ಕೇಳಲು ಎದುರಿಗೆ ಯಾರೂ ಇರುತ್ತಿರಲಿಲ್ಲ. ಗಂಡ ಎಲ್ಲಿ ಹೋದ ಎಂದು ಒಂಟಿಯಾಗಿ ಹುಡುಕುತ್ತ ಕೂರಬೇಕಿತ್ತು. "ಬ್ಯಾಡ ಮಾಮಾ. ನಾ ಹೋಗಿ ಹೇಳ್ತೇನಿ," ಎಂದೆ.

"ನೀ ಯಾಕ ಹೇಳ್ತಿ? ತೊಳದಾಕಿ ನಾನು," ಎಂದು ಅಕ್ಕ ಸೀರೆ ಬದಲಿಸಲು ಒಳಗೆ ಹೋದಳು.

ಮರುದಿನ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟೆವು. ಹುನಗುಂದ ದಾಟುವವರೆಗೆ ಆಕೆ ಒಂದೇ ಮಾತು ಕೇಳಿದಳು: ಆ ಅವ್ವನಿಗೆ ಮಕ್ಕಳಿದ್ದಾರೋ? ಗೊತ್ತಿಲ್ಲ ಎಂದೆ. ಗುಳೇದಗುಡ್ಡದಲ್ಲಿ ಬಸ್ಸು ನಿಂತಾಗ ಮನೆಮನೆಯ ಮಗ್ಗದ ಸದ್ದು ಕೇಳುತ್ತಿತ್ತು. ಅಲ್ಲಿ ಆಕೆಯ ಬೀಗರ ಮನೆಯೇ ಇತ್ತು. ಕಿಟಕಿಯತ್ತ ತಿರುಗದೆ ತೊಡೆಯ ಮೇಲಿನ ನೀಲಿ ಗಂಟನ್ನೇ ನೋಡುತ್ತ ಕೂತಿದ್ದಳು.

ಕೋಣೆಯಲ್ಲಿ ವಾದಕಿ ನಮ್ಮನ್ನು ನಗುತ್ತ ಎದುರುಗೊಂಡರು. ನಮ್ಮ ಏಳನೆಯ ತಂತಿಯೊಂದೇ ಇದ್ದ ವಾದ್ಯವನ್ನು ಒರೆಸಿ ಸಿದ್ಧವಾಗಿಟ್ಟಿದ್ದರು. ಅಂದು ಸಂಜೆಯೇ ಕಾರ್ಯಕ್ರಮ. ಅಕ್ಕ ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಏನೆಂದು ಹೇಳುವ ಅಗತ್ಯವೇ ಬರಲಿಲ್ಲ. ರೇಷ್ಮೆಯ ಊರಿನ ಸೊಸೆ ಅವರು. ಒಂದು ಕುಚ್ಚನ್ನು ಎತ್ತಿ ಎರಡು ಬೆರಳ ನಡುವೆ ಉಜ್ಜಿ, ಮೂಸಿ ನೋಡಿದರು. ಒಂದೇ ಶಬ್ದ ಹೇಳಿದರು. ದುಭಾಷಿ ಅದನ್ನು ಅನುವಾದ ಮಾಡಲಿಲ್ಲ. ನಾನೂ ಕೇಳಲಿಲ್ಲ.

ಅಕ್ಕ ನೆಲಕ್ಕೆ ಕೂತು ಅವರ ಪಾದ ಮುಟ್ಟಿದಳು. "ತಪ್ಪಾತ್ರಿ ಅವ್ವಾ. ಹೋದವರದ್ದಂತ ತೊಳದೆ. ನಮ್ಮ ಮನ್ಯಾಗ ಹಂಗ ಮಾಡ್ತೇವ್ರಿ. ನನಗ ತಿಳೀಲಿಲ್ಲರಿ." ಅದನ್ನು ನಾನು ಹಿಂದಿಗೆ ತಂದೆ, ಹುಡುಗಿ ಅವರ ಮಾತಿಗೆ ತಂದಳು. ಇಷ್ಟು ಕೈ ದಾಟಿದ ಮೇಲೆ ಅಕ್ಕನ ಅಳು ಅವರಿಗೆ ಎಷ್ಟು ತಲುಪಿತೋ ತಿಳಿಯದು. ಅವರು ಅಕ್ಕನ ಹೆಗಲು ಮುಟ್ಟಿ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಪರವಾಗಿಲ್ಲ ಎಂದು ಮಾತ್ರ ಹೇಳಲಿಲ್ಲ. ಹೇಳದಿದ್ದದ್ದೇ ಸರಿ ಎಂದು ನನಗೆ ಅನಿಸಿತು. ಪರವಾಗಿಲ್ಲ ಎನ್ನುವಂಥದ್ದಾಗಿರಲಿಲ್ಲ ಅದು.

ಹುಡುಗಿ ಸಮಾಧಾನಕ್ಕೆ ಏನೋ ಹೇಳಿದಳು. ಅವರು ಸಣ್ಣಗೆ ಉತ್ತರಿಸಿದರು. ಆಮೇಲೆ ಅವಳೇ ನನಗೆ ತಿಳಿಸಿದಳು. ಆ ಹಳೆಯ ತಂತಿಗಳ ಮೇಲೆ ನುಡಿಸಿದ್ದರ ಕ್ಯಾಸೆಟ್ ಮನೆಯಲ್ಲಿದೆಯಲ್ಲ ಎಂದಿದ್ದಳಂತೆ. "ಕ್ಯಾಸೆಟ್ಟಿನ ಮೇಲೆ ಬೆರಳಿಡಲು ಬರುವುದಿಲ್ಲ," ಎಂದರಂತೆ ಅವರು.

ಬಳಿಕ ನನ್ನ ಚೀಲದತ್ತ ಕೈ ತೋರಿಸಿದರು. ಹೊಸ ಜೊತೆಯನ್ನು ಕೊಟ್ಟೆ. ದಪ್ಪನೆಯ ತಂತಿಗಳಿಗೆ ಹಿಂದಿನ ದಿನವೇ ಅಂಗಡಿಗೆ ಓಡಿ ಅಂಟು ಕುಡಿಸಿ ರಾತ್ರಿಯೇ ಇಳಕಲ್ಲಿಗೆ ಮರಳಿದ್ದೆ, ಅವು ಪೂರ್ತಿ ಒಣಗಿರಲಿಲ್ಲ. ಒಬ್ಬರೇ ಉಳಿದ ಆರನ್ನೂ ಕಟ್ಟಿದರು. ಎಳೆಯಲು ನಾನು ಮುಂದಾದರೆ ತಲೆಯಾಡಿಸಿ ಬೇಡವೆಂದರು. ಶ್ರುತಿ ಮಾಡಲು ಬಹಳ ಹೊತ್ತು ಹಿಡಿಯಿತು. ಹೊಸ ರೇಷ್ಮೆ ಇಳಿಯುತ್ತಲೇ ಇರುತ್ತದೆ, ಬಿಗಿ ಮಾಡುತ್ತಲೇ ಇರಬೇಕು. ಕೊನೆಗೆ ತಮ್ಮ ಗಂಡನ ಊರನ್ನು ಶುರುಮಾಡಿದರು. ಹೆಂಗಸರು ಸೊಪ್ಪಿಗೆ ಹೊರಟರು. ಹುಳಗಳು ಮೇಯತೊಡಗಿದವು. ನಮ್ಮ ತಂತಿಗಳು ಕೆಟ್ಟದಾಗಿರಲಿಲ್ಲ. ಇವತ್ತಿಗೂ ಅಷ್ಟು ಒಳ್ಳೆಯ ಕೆಲಸವನ್ನು ನನ್ನ ಕೈ ಮತ್ತೆ ಮಾಡಿಲ್ಲ. ರಾಟಿ ತಿರುಗುವ ಕಡೆಗೆ ಬಂದು, ಒಂದು ಸುತ್ತು, ಎರಡು ಸುತ್ತು ಬಾರಿಸಿ, ಎಲ್ಲ ತಂತಿಗಳ ಮೇಲೂ ಅಂಗೈ ಇಟ್ಟು ಸದ್ದು ನಿಲ್ಲಿಸಿಬಿಟ್ಟರು.

ಅವರು ಹೇಳಿದ್ದನ್ನು ಹುಡುಗಿ ಕಣ್ಣೊರೆಸಿಕೊಂಡು ಹೇಳಿದಳು: "ತಂತಿ ಚೆನ್ನಾಗಿವೆ. ಅವರು ಇಲ್ಲ."

ಸಂಜೆ ವಾಹನದಲ್ಲಿ ನಮಗೂ ಜಾಗವಿತ್ತು, ಪಟ್ಟದಕಲ್ಲಿಗೆ ಬನ್ನಿ ಎಂದು ಸಂಯೋಜಕರು ಕರೆದರು. ಅಕ್ಕ ಒಲ್ಲೆ ಎಂದಳು. ಆಕೆಯನ್ನು ಒಬ್ಬಳನ್ನೇ ಕಳಿಸಲು ನನಗೂ ಮನಸ್ಸಾಗಲಿಲ್ಲ. ಮುಂದೆ ಸಂಯೋಜಕರು ಸಿಕ್ಕಾಗ, ಕಾರ್ಯಕ್ರಮ ಭಾಳ ಛಲೋ ಆತು, ಮೀನುಗಾರರದ್ದೂ ದನ ಕಾಯುವವರದ್ದೂ ಬಾರಿಸಿದರು, ಜನ ಚಪ್ಪಾಳೆ ತಟ್ಟಿದರು ಎಂದರು. ರೇಷ್ಮೆಯ ಊರಿನದ್ದು ಬಾರಿಸಿದರೇ ಎಂದು ಕೇಳಿದೆ. ಅಂಥದ್ದೊಂದು ಪಟ್ಟಿಯಲ್ಲೇನೋ ಇತ್ತು, ಬಾರಿಸಲಿಲ್ಲ ಎಂದರು.

ಲಾಜಿನಿಂದ ಬಸ್ ಸ್ಟ್ಯಾಂಡಿಗೆ ನಡೆದೇ ಬಂದೆವು. ಇಳಕಲ್ಲಿನ ಬಸ್ಸಿನಲ್ಲಿ ಜನ ಕಡಿಮೆಯಿದ್ದರು. ಅಕ್ಕ ಕಿಟಕಿಯ ಪಕ್ಕ ಕೂತಳು. ಆಕೆಯ ಬೆರಳುಗಳು ಸೆರಗಿನ ಅಂಚಿನ ಎಳೆಯೊಂದನ್ನು ಹುರಿ ಮಾಡುತ್ತ, ಬಿಚ್ಚುತ್ತ, ಮತ್ತೆ ಹುರಿ ಮಾಡುತ್ತ ಇದ್ದವು. ಊರು ದಾಟಿದ ಮೇಲೆ ಕೇಳಿದಳು.

"ತಮ್ಮಾ, ನೀ ಕೇಳಿದ್ಯಲ್ಲಾ, ಹಳೇವಿದ್ದಾಗ. ಹೆಂಗಿತ್ತು?"

ನಾದವನ್ನು ಬಣ್ಣಿಸುವುದೇ ನನ್ನ ಕಸುಬು. ಇಂಥ ತಂಬೂರಿ ಹೀಗೆ, ಅಂಥದ್ದು ಹಾಗೆ ಎಂದು ಗಿರಾಕಿಗಳ ಮುಂದೆ ತಾಸುಗಟ್ಟಲೆ ಕೊರೆಯುವವನು. ಸಣ್ಣ ಮಳೆ ಎನ್ನಲೇ, ರಾಟಿ ಎನ್ನಲೇ?

"ಛಲೋ ಇತ್ತಕ್ಕಾ," ಎಂದೆ.

ಬಸ್ಸು ಗುಳೇದಗುಡ್ಡದ ಹತ್ತಿರ ಬಂದಿತ್ತು.

"ನನಗೂ ಒಮ್ಮಿ ಕೇಳಸಬೇಕಿತ್ತು ನೀ," ಎಂದಳು. "ಕೇಳಿದ್ರ ನಾ ತೊಳೀತಿದ್ದಿಲ್ಲ."